ಕೊರಳಲ್ಲಿದ್ದ ಅಕ್ಕ

ಭಾನುವಾರ ಸಂಜೆಯಾಯಿತೆಂದರೆ ನನ್ನ ಗಂಡ ತಲೆಗೆ ನೀರು ಸವರಿ ಬಾಚಿಕೊಂಡು, ಇದ್ದ ಒಂದೇ ಕೋಟನ್ನು ಮೊಳೆಯಿಂದ ಇಳಿಸಿ ಹಾಕಿಕೊಂಡು, ಕೋಟೆ ಗುಡ್ಡದ ಮಗ್ಗುಲಿನ ಪಾರ್ಕಿಗೆ ಹೊರಡುತ್ತಿದ್ದರು. ಒಬ್ಬರೇ. ನಾನು ಬಳ್ಳಾರಿಯ ಆ ಮನೆಗೆ ಸೊಸೆಯಾಗಿ ಬಂದ ಮೊದಲ ಭಾನುವಾರವೂ ಹಾಗೆಯೇ ಹೊರಟರು. ನನಗೆ ಆಗ ಹದಿನೇಳು. ಅಂಗೈಯ ಮದರಂಗಿ ಇನ್ನೂ ಕೆಂಪಗಿತ್ತು. ಬಾಗಿಲ ಮರೆಯಲ್ಲಿ ನಿಂತು ಅವರು ಓಣಿಯ ತಿರುವು ದಾಟುವವರೆಗೂ ನೋಡಿದೆ. ಎದುರು ಮನೆಯ ಕಟ್ಟೆಯ ಮೇಲೆ ಕೂತಿದ್ದ ತೆಲುಗು ಅಜ್ಜಿ ನಾನು ನೋಡುವುದನ್ನು ನೋಡಿದಳು. ತನ್ನ ಅರೆಗನ್ನಡದಲ್ಲಿ, "ಮೊದ್ಲನೇ ಅಕಿ ಇದ್ದಾಗ ಇಬ್ರೂ ಕೂಡೇ ಹೋಗೋರು. ದೊರಿ ದೊರಸಾನಿ ಇದ್ದಾಂಗ," ಅಂದಳು.

ನನ್ನ ಹೊಟ್ಟೆಗೆ ಕಿಚ್ಚು ಬಿದ್ದದ್ದು ಆವತ್ತು. ವಯಸ್ಸಾದ ಮೇಲೆ ಇದೆಲ್ಲ ತಾನಾಗಿ ಆರುತ್ತದೆ ಎಂದು ಹೇಳುವವರನ್ನು ಕಂಡಿದ್ದೇನೆ. ಅವರಿಗೆ ಹೊಟ್ಟೆಕಿಚ್ಚಿನ ಅನುಭವ ಸಾಲದು. ನನ್ನ ತಲೆ ಬೆಳ್ಳಗಾಗಿ ಎಷ್ಟೋ ಕಾಲವಾಯಿತು, ಆ ಮಾತು ನೆನೆದರೆ ಈಗಲೂ ಎದೆಯ ಕೆಳಗೆ ಮೆಣಸಿನಕಾಯಿ ಅರೆದಂತೆ ಆಗುತ್ತದೆ.

ನನ್ನ ಗಂಡ ಹತ್ತಿ ಗಿರಣಿಯಲ್ಲಿ ಗುಮಾಸ್ತರು. ಅವರ ಮೊದಲ ಹೆಂಡತಿ ಕುರುಗೋಡಿನವಳು. ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲವಂತೆ, ತವರಿಗೆ ಹೋದವಳಿಗೆ ಜ್ವರ ಬಂದು ಅಲ್ಲೇ ತೀರಿಕೊಂಡಳು. ಮಕ್ಕಳಿರಲಿಲ್ಲ. ಸಿರುಗುಪ್ಪದ ನನ್ನ ಸೋದರಮಾವ ಈ ಸಂಬಂಧ ತಂದಾಗ ಸಿರಿಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಅಪ್ಪನಿಗೆ, "ಹುಡುಗ ಬಂಗಾರ. ಮಕ್ಳಿಲ್ಲ, ಮರಿಯಿಲ್ಲ. ಸವತಿ ಸತ್ತಾಳ, ಕಾಟ ಇಲ್ಲ," ಅಂದಿದ್ದ. ಗಂಡಸರಿಗೆ ಕಾಟ ಅಂದರೆ ಬದುಕಿರುವವರು ಕೊಡುವುದು ಮಾತ್ರ. ಅವನನ್ನು ಅಂದು ಪ್ರಯೋಜನವಿಲ್ಲ.

ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ಎರಡನೆಯ ಸಂಬಂಧಕ್ಕೆ ಬಂದವಳು ಸತ್ತ ಮೊದಲನೆಯವಳನ್ನು ಕೊರಳಲ್ಲಿ ಕಟ್ಟಿಕೊಳ್ಳಬೇಕು. ಹೆಬ್ಬೆರಳ ಉಗುರಿನಷ್ಟು ಅಗಲದ ಬೆಳ್ಳಿಯ ಬಿಲ್ಲೆ, ಅದರ ಮೇಲೆ ಸೀರೆ ಉಟ್ಟ ಒಬ್ಬ ಹೆಂಗಸಿನ ಗುರುತು. ಕಣ್ಣು ಮೂಗು ಇರುವುದಿಲ್ಲ. ಮದುವೆಯ ದಿನ ತಾಳಿಗಿಂತ ಮೊದಲು ನನ್ನ ಅತ್ತೆ ಅದನ್ನು ಕರಿದಾರದಲ್ಲಿ ಪೋಣಿಸಿ ನನ್ನ ಕೊರಳಿಗೆ ಕಟ್ಟಿದರು. ಮನೆಯಲ್ಲಿ ಅದಕ್ಕೆ 'ಅಕ್ಕ' ಎನ್ನುತ್ತಿದ್ದರು. ಹಬ್ಬಕ್ಕೆ ಸೀರೆ ತಂದರೆ ಮೊದಲು ಅಕ್ಕನ ಮುಂದೆ ಇಡಬೇಕು, "ಉಡವ್ವಾ" ಎಂದು ಕೈ ಮುಗಿಯಬೇಕು, ಆಮೇಲೆ ನಾನು ಉಡಬೇಕು. ಹೂವು ತಂದರೂ ಹಾಗೆಯೇ. ರೊಟ್ಟಿಯ ಮೊದಲ ತುತ್ತು ಅವಳಿಗೆ ತೋರಿಸಿ ಬಾಯಿಗಿಡಬೇಕು. ಬಟ್ಟೆ ರೇಷನ್ ಚೀಟಿಯ ಮೇಲೆ ಸಿಗುತ್ತಿದ್ದ ಕಾಲ. ವರ್ಷಕ್ಕೆ ಬರುವುದೇ ಒಂದೋ ಎರಡೋ ಸೀರೆ. ಅದೂ ನನಗೆ ಬರುವ ಹೊತ್ತಿಗೆ ಇನ್ನೊಬ್ಬಳು ಉಟ್ಟು ಬಿಟ್ಟ ಸೀರೆಯಾಗಿರುತ್ತಿತ್ತು.

"ಮೊದ್ಲು ಅಕ್ಕಗ ಉಡ್ಸು. ಅಕಿ ಸಿಟ್ಟಾದ್ರ ನಿಂಗ ಸುಖ ಇರಾಂಗಿಲ್ಲ," ಎನ್ನುತ್ತಿದ್ದರು ಅತ್ತೆ. ಅವರು ಕೆಟ್ಟವರಲ್ಲ. ಒಬ್ಬ ಸೊಸೆಯನ್ನು ಕಳೆದುಕೊಂಡು ಇನ್ನೊಬ್ಬಳನ್ನೂ ಕಳೆದುಕೊಂಡೇನು ಎಂದು ಹೆದರಿದ್ದವರು. ನನಗೆ ಅದು ಗೊತ್ತಿತ್ತು. ಗೊತ್ತಿದ್ದರೂ ಅವರು ಹಾಗೆ ಅಂದಾಗಲೆಲ್ಲ ಆ ಬಿಲ್ಲೆಯನ್ನು ಕಿತ್ತು ಬಾವಿಗೆ ಎಸೆಯಬೇಕು ಅನ್ನಿಸುತ್ತಿತ್ತು. ಮಣ್ಣಿನ ಸವತಿಯಾದರೂ ಸವತಿಯೇ ಎನ್ನುತ್ತಾರೆ. ನನ್ನದು ಬೆಳ್ಳಿಯದು.

ಬದುಕಿರುವ ಸವತಿಯಾದರೆ ಜಗಳವಾಡಬಹುದು. ಅವಳ ಪಲ್ಯಕ್ಕೆ ಉಪ್ಪು ಹೆಚ್ಚಾಯಿತು ಎನ್ನಬಹುದು. ಅವಳಿಗೆ ವಯಸ್ಸಾಗುತ್ತದೆ, ಹಲ್ಲು ಬೀಳುತ್ತದೆ, ಕಾದು ನೋಡಬಹುದು. ಸತ್ತವರ ಕಣ್ಣು ಬೊಗಸೆಯಷ್ಟಗಲ ಎಂದು ತೆಲುಗಿನಲ್ಲಿ ಗಾದೆಯಿದೆ. ನಮ್ಮ ಓಣಿಯಲ್ಲಿ ಅವಳ ಕಣ್ಣು, ಅವಳ ಜಡೆ, ಅವಳು ಹಾಕುತ್ತಿದ್ದ ರಂಗೋಲಿ ಎಲ್ಲ ದಿನದಿಂದ ದಿನಕ್ಕೆ ಬೆಳೆಯುತ್ತಿದ್ದವು. ನಾನು ಮಾತ್ರ ಇದ್ದಷ್ಟೇ ಇದ್ದೆ.

ಇಷ್ಟಕ್ಕೂ ನನಗೆ ಬೇಕಾಗಿದ್ದದ್ದು ಒಂದೇ. ಭಾನುವಾರ ನನ್ನನ್ನೂ ಪಾರ್ಕಿಗೆ ಕರೆದುಕೊಂಡು ಹೋಗಬೇಕು. ಅವಳನ್ನು ಕರೆದುಕೊಂಡು ಹೋದಂತೆ. ಒಡವೆ ಕೇಳಲಿಲ್ಲ, ಸಿನೆಮಾ ಕೇಳಲಿಲ್ಲ. ಬಾಯಿ ಬಿಟ್ಟು ಅವರನ್ನು ಕೇಳುವ ಧೈರ್ಯವಿರಲಿಲ್ಲ. ಹೀಗಾಗಿ ಭಾನುವಾರ ಮಧ್ಯಾಹ್ನವಾದರೆ ಪಾತ್ರೆಗಳನ್ನು ಸಪ್ಪಳ ಮಾಡಿ ಇಡುತ್ತಿದ್ದೆ. ತಿಂಗಳುಗಟ್ಟಲೆ ಈ ಸಪ್ಪಳ ಕೇಳಿ ಸಾಕಾಗಿ ಅತ್ತೆಯೇ ಒಂದು ದಿನ ಮಗನಿಗೆ, "ಕರ್ಕೊಂಡು ಹೋಗಪಾ ಒಂದ್ಸಲ. ಇಲ್ಲಾಂದ್ರ ಕೊಡ, ಚರಗಿ ಒಂದೂ ಉಳಿಯಾಂಗಿಲ್ಲ," ಅಂದರು. ನನ್ನ ಗಂಡ ನನ್ನ ಕಡೆ ನೋಡದೆ, "ಬಾ ಹಂಗಾರ," ಅಂದರು.

ಆ ಕಾಲದಲ್ಲಿ ಗಂಡ ಹೆಂಡತಿ ಒಟ್ಟಿಗೆ ಹೋಗುವುದೆಂದರೆ ಗಂಡ ಮುಂದೆ, ಹೆಂಡತಿ ನಡುವೆ ಒಂದು ಎತ್ತಿನಗಾಡಿ ಹಿಡಿಸುವಷ್ಟು ಜಾಗ ಬಿಟ್ಟು ಹಿಂದೆ. ಬ್ರೂಸ್‌ಪೇಟೆಯ ನಮ್ಮ ಓಣಿಯಿಂದ ಹೊರಟೆವು. ಹಿತ್ತಾಳೆ ಬಡಿಯುವವರ ಅಂಗಡಿಗಳು ಭಾನುವಾರವೂ ತೆರೆದಿದ್ದವು. ಗೋಲಿಸೋಡಾ ಅಂಗಡಿಯ ಮುಂದೆ ಜಟಕಾದವರು ಉರ್ದುವಿನಲ್ಲಿ ಜಗಳವಾಡುತ್ತಿದ್ದರು. ಹೋಟೆಲಿನ ರೇಡಿಯೋದ ಮುಂದೆ ಗುಂಪು ನಿಂತಿತ್ತು. ಬಳ್ಳಾರಿಯನ್ನು ಮದರಾಸಿನವರು ಇಟ್ಟುಕೊಳ್ಳುತ್ತಾರೋ, ಆಂಧ್ರಕ್ಕೆ ಸೇರಿಸುತ್ತಾರೋ, ಮೈಸೂರಿಗೆ ಕೊಡುತ್ತಾರೋ ಎಂಬ ಮಾತು ಊರೆಲ್ಲ ನಡೆದಿತ್ತು. ನನ್ನ ಲಕ್ಷ್ಯವೆಲ್ಲ ಅವರ ಬೆನ್ನಿನ ಮೇಲಿತ್ತು. ಕೋಟಿನ ಹಿಂಭಾಗದಲ್ಲಿ ಒಂದು ಹೊಲಿಗೆ ಹಾಕಿದ ಗುರುತಿತ್ತು. ಯಾರು ಹೊಲಿದದ್ದು ಎಂದು ಯೋಚಿಸುತ್ತ ಹೋದೆ. ಹೊಲಿಗೆ ಬಹಳ ಒಪ್ಪವಾಗಿತ್ತು, ಅದಕ್ಕೇ ಉತ್ತರ ಗೊತ್ತಾಯಿತು.

ಪಾರ್ಕು ಅಂದರೆ ದೊಡ್ಡದೇನಲ್ಲ. ಗುಡ್ಡದ ಇಳಿಜಾರಿನಲ್ಲಿ ಹಂತ ಹಂತವಾಗಿ ಕಲ್ಲಿನ ಒಡ್ಡು ಕಟ್ಟಿ, ಬೇವು, ಕಣಗಿಲೆ ನೆಟ್ಟಿದ್ದರು. ಹಿಂದೆ ಯಾವನೋ ಒಬ್ಬ ಬಿಳಿ ದೊರೆ ಸುತ್ತಲ ಹಳ್ಳಿಗಳ ಹೊಲಗಳಲ್ಲಿ ಬಿದ್ದಿದ್ದ ಹಳೆಯ ಕಲ್ಲುಗಳನ್ನು ಗಾಡಿಯಲ್ಲಿ ಹೇರಿಸಿ ತಂದು ಅಲ್ಲಿ ಸಾಲಾಗಿ ನಿಲ್ಲಿಸಿದ್ದನಂತೆ. ಯುದ್ಧದಲ್ಲಿ ಸತ್ತವರ ವೀರಗಲ್ಲು, ಗಂಡನೊಂದಿಗೆ ಚಿತೆ ಏರಿದವಳ ಮಾಸ್ತಿಕಲ್ಲು, ಹೆಡೆ ಮುರಿದ ನಾಗರ, ಮೂಗು ಹೋದ ಬಸವ. ಮೇಲಿನ ಹಂತದಲ್ಲಿ ಒಂದು ಕಲ್ಲಿನ ಮಂಟಪ, ಅದರ ಪಕ್ಕ ಇಂಗ್ಲಿಷರ ಕಾಲದ ಒಂದು ಕಂಬ. ಕಂಬದ ಮೇಲಿನ ಅಕ್ಷರ ಓದಲು ಬರುವವರು ಓದುತ್ತಿರಲಿಲ್ಲ. ಬಾರದವರು ಅದಕ್ಕೆ ಬೆನ್ನು ಕೊಟ್ಟು ಕೂತು ಕಡಲೆ ತಿನ್ನುತ್ತಿದ್ದರು.

ಮನೆಯಲ್ಲಿ ನನ್ನ ಗಂಡನ ಮಾತೆಂದರೆ "ನೀರು ಕೊಡು", "ಊಟಕ್ಕ ಹಾಕು", "ದೀಪ ಸಣ್ಣದು ಮಾಡು". ಇಷ್ಟೇ. ಆ ಕಲ್ಲುಗಳ ಮುಂದೆ ಬಂದದ್ದೇ ತಡ, ಅವರ ಬಾಯಿ ಬಿಚ್ಚಿತು. ಒಂದು ಕಲ್ಲಿನ ಮುಂದೆ ನಿಂತು, "ಇದು ಏನಂತ ತಿಳೀತೇನು?" ಅಂದರು.

"ಇಲ್ರಿ."

"ತೋಳು ನೋಡು, ಬಳಿ ನೋಡು. ಮಾಸ್ತಿ ಇದು. ಬಟ್ಟಿನ ಸಂದ್ಯಾಗ ನಿಂಬಿಹಣ್ಣು ಹಿಡಿದಾಳ, ಕಾಣ್ತೇನು?"

ಕಲ್ಲಿನ ಕಂಬದಿಂದ ಒಂದು ತೋಳು ಮೊಣಕೈ ಮಡಚಿ ಹೊರಗೆ ಚಾಚಿತ್ತು. ಕೈತುಂಬ ಬಳೆ. ಹೆಬ್ಬೆರಳ ಪಕ್ಕದಲ್ಲಿ ಒಂದು ಗುಂಡನೆಯ ಉಬ್ಬು. ನನಗೆ ಸಂತೋಷವಾಯಿತು. ಗಂಡ ನನಗೆ ಒಂದು ಸಂಗತಿ ತೋರಿಸಿದ್ದಾರೆ. ಮಾತು ಮುಂದುವರಿಯಲಿ ಎಂದು, "ನಿಮಗ ಯಾರು ಹೇಳಿದ್ರು?" ಅಂದೆ.

"ಆಕಿ," ಅಂದರು.

ಅಲ್ಲಿಂದ ಮುಂದೆ ಎಲ್ಲ ಆಕಿಯೇ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಸ್ವರ್ಗ, ಆಕಿ ಹೇಳಿದ್ದು. ಮೂಗಿಲ್ಲದ ಬಸವನ ಬೆನ್ನು ಸವೆದಿದೆ, ಆಕಿ ಅದರ ಮೇಲೆ ಕೂಡುತ್ತಿದ್ದಳು. ನಮ್ಮ ಸಿರಿಗೇರಿಯದು ಎರೆಭೂಮಿ. ಮಳೆ ಬಂದರೆ ಒಂದೊಂದು ಕಾಲಿಗೆ ಸೇರುಗಟ್ಟಲೆ ಮಣ್ಣು ಮೆತ್ತುತ್ತದೆ, ನಾಯಿಗೆ ಎಸೆಯೋಣವೆಂದರೆ ಒಂದು ಕಲ್ಲು ಸಿಗುವುದಿಲ್ಲ. ಅವಳದು ಕುರುಗೋಡು. ಮನೆಯ ಹಿಂದೆ ಗುಡ್ಡ, ಮುಂದೆ ಹಳೆಯ ಗುಡಿ. ಕಲ್ಲಿನ ನಡುವೆಯೇ ಹುಟ್ಟಿದವಳು ಕಲ್ಲು ಓದಿದಳು, ಅದರಲ್ಲೇನು ಹೆಚ್ಚುಗಾರಿಕೆ? ನನ್ನನ್ನು ಹತ್ತಿ ಹೊಲಕ್ಕೆ ಕರೆದುಕೊಂಡು ಹೋಗಲಿ, ಯಾವ ಕಾಯಿ ನಾಳೆ ಒಡೆಯುತ್ತದೆ ಎಂದು ನಾನೂ ಹೇಳುತ್ತೇನೆ. ಇದನ್ನೆಲ್ಲ ಮನಸ್ಸಿನಲ್ಲಿಯೇ ಅಂದುಕೊಂಡು, ಬಾಯಿಂದ "ಹೌದ್ರಿ, ಹೌದ್ರಿ" ಎನ್ನುತ್ತ ಹಿಂದೆ ಹಿಂದೆ ನಡೆದೆ.

ಹಿಂದಿರುಗುವಾಗ ಕಣ್ಣಿಗೆ ಬಿತ್ತು. ಆ ಮಾಸ್ತಿಯ ತೋಳಿನ ಮೇಲೆ ಕುಂಕುಮವಿತ್ತು. ಬಳೆಗಳ ಸಂದಿಗೆ ಕನಕಾಂಬರದ ತುಂಡು ಸಿಕ್ಕಿಸಿದ್ದರು. ಬೇರೆ ಯಾವ ಕಲ್ಲಿಗೂ ಇಲ್ಲ, ನಾಗಪ್ಪನಿಗೂ ಇಲ್ಲ.

ಅತ್ತೆ 'ಒಂದ್ಸಲ' ಅಂದದ್ದು ರೂಢಿಯಾಯಿತು, ಆಮೇಲಿನ ಭಾನುವಾರಗಳಲ್ಲೂ ಹೋದೆವು. ಪ್ರತಿ ಸಲವೂ ಆ ಕಲ್ಲಿಗೆ ಕುಂಕುಮ, ಹೂವು. ಹೂವು ಯಾವಾಗಲೂ ಎರಡು ದಿನ ಬಾಡಿದ್ದು. ಎರಡು ದಿನದ ಹಿಂದೆ ಅಂದರೆ ಶುಕ್ರವಾರ. ಶುಕ್ರವಾರ ನನ್ನ ಗಂಡ ಗಿರಣಿಯಿಂದ ತಡವಾಗಿ ಬರುತ್ತಿದ್ದರು. ವಾರದ ಲೆಕ್ಕ ಮುಗಿಸಬೇಕು ಎನ್ನುತ್ತಿದ್ದರು. ನನಗೆ ಇನ್ನೇನು ಬೇಕು? ಹೆಂಡತಿಯ ನೆನಪಿಗೆ ಗಂಡ ಕಲ್ಲಿಗೆ ಹೂವು ಮುಡಿಸುತ್ತಿದ್ದಾನೆ. ನನ್ನ ತಲೆಗೆ ಹೂವು ತರುತ್ತಿದ್ದವರು ಅತ್ತೆ, ಅದೂ ಅಕ್ಕನಿಗೆ ತೋರಿಸಿದ ಮೇಲೆ. ಗಂಡ ಒಂದು ಮೊಳ ಹೂವು ತಂದು ನನ್ನ ಕೈಗೆ ಕೊಟ್ಟದ್ದಿಲ್ಲ.

ಒಂದು ಶುಕ್ರವಾರ ಸಕ್ಕರೆ ಕೊಡುವ ಅಂಗಡಿಯಲ್ಲಿ ಸಾಲು ದೊಡ್ಡದಿದೆ ಎಂದು ಅತ್ತೆಗೆ ಹೇಳಿ ಮಧ್ಯಾಹ್ನವೇ ಹೊರಟೆ. ಗಿರಣಿ ಬಿಡುವ ಮೊದಲೇ ಹೋಗಿ ಮರೆಯಲ್ಲಿ ಕಾದು, ಗಂಡ ಹೂವು ಇಡುವಾಗ ಹಿಂದೆ ಹೋಗಿ ನಿಲ್ಲುವುದು ನನ್ನ ಯೋಚನೆ. ಏನೂ ಅನ್ನುವುದಿಲ್ಲ, ನಿಂತರೆ ಸಾಕು. ದಾರಿಯುದ್ದಕ್ಕೂ ಅವರ ಮುಖ ಹೇಗಾಗುತ್ತದೆ ಎಂದು ನೆನೆದು ನೆನೆದು ಖುಷಿಪಟ್ಟೆ. ಬಿಸಿಲಿಗೆ ಗುಡ್ಡದ ಬಂಡೆಗಳು ಕಾದಿದ್ದವು. ಪಾರ್ಕಿನಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಮಾಸ್ತಿಯ ಮುಂದೆ ಒಬ್ಬ ಮುದುಕಿ ಮಾತ್ರ ಬೆಣ್ಣೆಯ ಗಡಿಗೆ ಪಕ್ಕಕ್ಕಿಟ್ಟುಕೊಂಡು, ಸೆರಗಿನ ಗಂಟಿನಿಂದ ಕನಕಾಂಬರ ತೆಗೆಯುತ್ತಿದ್ದಳು.

ನಾನು ಹತ್ತಿರ ಹೋದೆ. ಅವಳು ತಲೆಯೆತ್ತಿದಳು. ನನ್ನ ಮುಖ ನೋಡಲಿಲ್ಲ, ಕೊರಳು ನೋಡಿದಳು. ಬಿಸಿಲಿಗೆ ಸೆರಗು ಸಡಿಲಾಗಿ ಬಿಲ್ಲೆ ಹೊರಗೆ ಕಾಣುತ್ತಿತ್ತು.

"ನೀ ಗಿರಣಿ ಗುಮಾಸ್ತನ ಹೇಣ್ತಿ ಏನವ್ವ?" ಅಂದಳು.

"ಹೌದು. ನೀ ಯಾರಬೇ?"

"ಅದು ನನ್ನ ಮಗಳು," ಅಂದಳು, ಬಿಲ್ಲೆಗೆ ಬೆರಳು ತೋರಿಸಿ.

ಅವಳು ಸತ್ತವಳ ತಾಯಿ. ಪ್ರತಿ ಶುಕ್ರವಾರ ಕುರುಗೋಡಿನಿಂದ ಇದ್ದಿಲು ಉರಿಸಿ ಓಡಿಸುವ ಬಸ್ಸಿನಲ್ಲಿ ಬಳ್ಳಾರಿಗೆ ಬೆಣ್ಣೆ ಮಾರಲು ಬರುತ್ತಿದ್ದಳು. ಮಾರಿದ ಮೇಲೆ ಬಸ್ಸು ಹೊರಡುವವರೆಗೆ ಇಲ್ಲಿ ಬಂದು ಕೂಡುತ್ತಿದ್ದಳು. "ಆಕಿ ಗಂಡನ ಕೂಡ ಬಂದಾಗೆಲ್ಲಾ ಈ ಮಾಸ್ತಿಗೆ ಹೂವು ಇಡ್ತಿದ್ಲಂತ. ಊರಿಗೆ ಬಂದಾಗ ಹೇಳ್ತಿದ್ಲು. ಅದಕ್ಕ ನಾನೂ ಇಟ್ಟು ಹೋಗ್ತೀನಿ," ಅಂದಳು.

"ಮನಿಗೆ ಯಾಕ ಬರಲಿಲ್ಲ?" ಅಂದೆ.

"ಹೆಂಗ ಬರಲವ್ವ? ಅಕಿ ಜಾಗಕ್ಕ ಬಂದಾಕಿ ನೀನು. ನಮ್ಮ ಮನಿಗೆ ಬಂದು ಉಡಿ ತುಂಬಿಸ್ಕೊಂಡ್ರ ನೀನೂ ನನ್ನ ಮಗಳು. ಆಗ ಅದು ನನ್ನ ಮಗಳ ಮನಿ, ಬರಬೌದು. ಎರಡು ಸಲ ಕರಿಯಾಕ ಕಳಿಸಿದೆ. ನಿಮ್ಮತ್ತಿ ನಿನ್ನ ಕಳಿಸಲಿಲ್ಲ. ಆ ಹೊಸ್ತಿಲ ತುಳಿದ್ರ ಇಕಿನೂ ಉಳಿಯಾಂಗಿಲ್ಲಂತ ಅಂದ್ಲಂತ."

ಈ ಸಂಗತಿ ನನಗೆ ಯಾರೂ ಹೇಳಿರಲಿಲ್ಲ. ಮುದುಕಿ ಎದ್ದು ಬಂದು ಬಿಲ್ಲೆಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಳು. ಬೆಣ್ಣೆಯ ವಾಸನೆಯ ಬೆರಳು. ದಾರ ಗಿಡ್ಡ, ಹೀಗಾಗಿ ನಾನು ಕತ್ತು ಚಾಚಿ ಬಗ್ಗಬೇಕಾಯಿತು. ಅವಳು ಕಣ್ಣು ಮೂಗಿಲ್ಲದ ಆ ಬೆಳ್ಳಿಯ ಚೂರನ್ನು ಹೆಬ್ಬೆರಳಿಂದ ಒರೆಸಿದಳು.

"ಎಷ್ಟು ಸಣ್ಣಾಕಿ ಆಗಿಯವ್ವಾ," ಅಂದಳು.

ನನಗಲ್ಲ, ಬಿಲ್ಲೆಗೆ. ನನ್ನ ಕಣ್ಣಲ್ಲಿ ನೀರು ಬಂತು. ಅದು ಕರುಣೆಯ ನೀರು ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ, ಆದರೆ ಅದು ಉರಿಯ ನೀರು. ಸತ್ತು ಇಷ್ಟು ವರ್ಷವಾದ ಮೇಲೂ ಅವಳ ತಾಯಿ ವಾರಕ್ಕೊಮ್ಮೆ ಬಸ್ಸು ಹಿಡಿದು ಬರುತ್ತಾಳೆ. ನಾವು ಆರು ಜನ ಹೆಣ್ಣುಮಕ್ಕಳು. ನನ್ನ ಅವ್ವ ನನ್ನನ್ನು ಗಾಡಿ ಹತ್ತಿಸಿದ ಮೇಲೆ ಒಮ್ಮೆಯೂ ಬಳ್ಳಾರಿಯ ಕಡೆ ಬಂದಿರಲಿಲ್ಲ. ಗಂಡನೂ ಅವಳಿಗೆ, ಓಣಿಯೂ ಅವಳಿಗೆ, ತಾಯಿಯೂ ಅವಳಿಗೆ. ನನ್ನ ಕೊರಳು ಅವಳನ್ನು ನೇತುಹಾಕುವ ಗೂಟ.

"ಕರ್ಕೊಂಡು ಹೋಗಬೇ ನಿನ್ನ ಮಗಳನ್ನ," ಅಂದೆ.

ತಾಳಿಯ ದಾರ ಬೇರೆ, ಅಕ್ಕನ ಕರಿದಾರ ಬೇರೆ. ಕರಿದಾರವನ್ನು ಎಳೆದು ಹಲ್ಲಿನಲ್ಲಿ ಕಡಿದು, ಬಿಲ್ಲೆಯನ್ನು ಅವಳ ಅಂಗೈಯಲ್ಲಿಟ್ಟೆ. ಮುದುಕಿ ಬೇಡ ಅನ್ನುತ್ತಾಳೆ, ಹಾಗೆಲ್ಲ ಕೊಡಬಾರದು ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿ, ಗಂಟಿನ ಮೇಲೆ ಗಂಟು ಹಾಕಿದಳು. ಆಮೇಲೆ ಗಡಿಗೆಯಲ್ಲಿ ಉಳಿದಿದ್ದ ಬೆಣ್ಣೆಯನ್ನು ಎಲೆಯ ಮೇಲೆ ಉಂಡೆ ಮಾಡಿ ನನ್ನ ಕೈಗೆ ಕೊಟ್ಟು, "ಉಡಿ ತುಂಬಾಕ ಏನೂ ತಂದಿಲ್ಲವ್ವ, ಇದನ್ನ ತಿನ್ನು," ಎಂದು, ಯಾರೋ ಹಿಂದಿನಿಂದ ಬಂದು ಕಸಿದುಕೊಳ್ಳುತ್ತಾರೇನೋ ಎಂಬಂತೆ ಬೇಗ ಬೇಗ ಇಳಿದು ಹೋದಳು. ನೀನು ಯಾವೂರವಳು ಎಂದು ಸಹ ಕೇಳಲಿಲ್ಲ.

ಮನೆಗೆ ಬಂದು ಅತ್ತೆಗೆ ನಡೆದದ್ದನ್ನೆಲ್ಲ ಹೇಳಿದೆ. ಜೋಳ ಹಸನು ಮಾಡುತ್ತಿದ್ದವರ ಮೊರ ಕೈಯಲ್ಲೇ ನಿಂತಿತು.

"ಯಾರನ್ನ ಕೇಳಿ ಕೊಟ್ಟಿ?"

"ಯಾರ್ನೂ ಕೇಳಿಲ್ಲ ಅತ್ತಿ. ಅವ್ವ ಬಂದಿದ್ಲು, ಮಗಳನ್ನ ಕಳಿಸಿದೆ."

ಅವರು ಬಿಲ್ಲೆಯಿಲ್ಲದ ನನ್ನ ಕೊರಳನ್ನು ನೋಡಿದರು. ಬಯ್ಯಲಿಲ್ಲ. "ನಾಳಿ ಏನರ ಆದ್ರ ನನ್ನ ಅನಬ್ಯಾಡ. ಅವಂಗ ನೀನ ಹೇಳು, ನಾ ಹೇಳಾಂಗಿಲ್ಲ," ಎಂದು ಮತ್ತೆ ಜೋಳಕ್ಕೆ ಕೈ ಹಾಕಿದರು. ಆ ರಾತ್ರಿ ಬಿಸಿ ರೊಟ್ಟಿಗೆ ಕುರುಗೋಡಿನ ಬೆಣ್ಣೆ ಹಚ್ಚಿಕೊಂಡು, ಯಾರಿಗೂ ತೋರಿಸದೆ ಮೊದಲ ತುತ್ತು ನಾನೇ ತಿಂದೆ. ಅಂಥ ರುಚಿಯ ರೊಟ್ಟಿಯನ್ನು ಆ ಮನೆಯಲ್ಲಿ ನಾನು ಅದಕ್ಕೆ ಮೊದಲು ತಿಂದಿರಲಿಲ್ಲ.

ಗಂಡನಿಗೆ ಹೇಳಲಿಲ್ಲ. ಹೇಳುವುದೇನಿದೆ, ಕಣ್ಣಿದ್ದರೆ ಕಾಣುತ್ತದೆ ಎಂದುಕೊಂಡೆ. ಶುಕ್ರವಾರ ಕಾಣಲಿಲ್ಲ, ಶನಿವಾರ ಕಾಣಲಿಲ್ಲ. ಅವರು ಕಲ್ಲಿಗೆ ಹೂವು ಇಡುತ್ತಿರಲಿಲ್ಲ ಎಂಬುದು ಗೊತ್ತಾದ ಮೇಲೆ ನನ್ನ ಉರಿ ಅರ್ಧ ಇಳಿದಿತ್ತು. ಕೊರಳು ಹಗುರಾಗಿತ್ತು. ಭಾನುವಾರ ಬಂದಾಗ ಅತ್ತೆ ತಂದ ಹೂವನ್ನು ನೇರವಾಗಿ ಮುಡಿದುಕೊಂಡೆ. ಓಣಿಯಲ್ಲಿ ತೆಲುಗು ಅಜ್ಜಿಯ ಕಟ್ಟೆಯ ಮುಂದೆ ಬೇಕೆಂತಲೇ ನಿಧಾನವಾಗಿ ನಡೆದೆ. ಇನ್ನು ಮೇಲೆ ಈ ಹೋಗುವುದು ಬರುವುದು ನನ್ನದು, ನಾವಿಬ್ಬರೇ ಹೋಗುವುದು ಎಂದು ಅವರ ಬೆನ್ನು ನೋಡುತ್ತ ಹೋದೆ. ಕೋಟಿನ ಹೊಲಿಗೆಯೂ ಆವತ್ತು ಕಣ್ಣಿಗೆ ಚುಚ್ಚಲಿಲ್ಲ.

ಪಾರ್ಕಿನ ಮೆಟ್ಟಿಲು ಹತ್ತುವಾಗ ಅವರು ತಟ್ಟನೆ ನಿಂತರು. ನಿಂತು ಹಿಂದಿರುಗಿ ನೋಡಿದರು. ಇಷ್ಟು ಭಾನುವಾರಗಳಲ್ಲಿ ಅವರು ದಾರಿಯಲ್ಲಿ ಒಮ್ಮೆಯೂ ನನ್ನನ್ನು ತಿರುಗಿ ನೋಡಿರಲಿಲ್ಲ. ನನಗೆ ಮೈ ಝುಮ್ಮೆಂದಿತು. ಸೆರಗು ಸರಿಮಾಡಿಕೊಂಡು, ಹೂವು ಕಾಣುವಂತೆ ಸ್ವಲ್ಪ ಓರೆಯಾಗಿ ನಿಂತೆ.

"ಸಪ್ಪಳ ಇಲ್ಲಲ್ಲ," ಅಂದರು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ನಡೆಯುವಾಗ ಬಿಲ್ಲೆ ತಾಳಿಗೆ ತಾಗಿ ಕಿಣಿ ಕಿಣಿ ಎನ್ನುತ್ತಿತ್ತು. ನಾನು ಅದನ್ನು ಗಮನಿಸಿದವಳೇ ಅಲ್ಲ. ಅವರು ಮುಂದೆ ನಡೆಯುತ್ತ ಇಷ್ಟು ದಿನ ಕೇಳುತ್ತಿದ್ದದ್ದು ಅದನ್ನು.

"ಕೊಳ್ಳಾಗಿನ ಅಕಿ ಎಲ್ಲಿ?"

"ತವರಿಗೆ ಹೋಗ್ಯಾಳ. ಅವರವ್ವ ಬಂದಿದ್ರು, ಕರ್ಕೊಂಡು ಹೋದ್ರು."

ಸಿಟ್ಟಾಗುತ್ತಾರೆ ಎಂದುಕೊಂಡೆ. ಆಗಲಿಲ್ಲ. ಕೋಟಿನ ಗುಂಡಿ ಬಿಚ್ಚಿ ಆ ಮೆಟ್ಟಿಲ ಮೇಲೆಯೇ ಕೂತರು. ಕೆಳಗೆ ಊರಿನ ಕಡೆ ನೋಡಿದರು, ಕುರುಗೋಡಿನ ದಾರಿಯ ಕಡೆ ನೋಡಿದರು. ಹೆಂಡತಿ ಹಬ್ಬಕ್ಕೆ ಹೋದಾಗ ಗಂಡಂದಿರು ಕೇಳುವ ದನಿಯಲ್ಲಿಯೇ, ಮೆಲ್ಲಗೆ, ಕೇಳಿದರು.

"ಯಾವಾಗ ಬರ್ತಾಳ?"

ಆ ವರ್ಷ ಪಂಚಮಿಗೆ ನಾನು ಸಿರಿಗೇರಿಗೆ ಹೋಗಿ ಒಂದು ತಿಂಗಳು ಇದ್ದು ಬಂದಿದ್ದೆ. ಸಿರುಗುಪ್ಪದ ಬಸ್ಸು ಹತ್ತಿಸುವಾಗ ಅವರು ನನ್ನನ್ನು ಆ ಮಾತು ಕೇಳಿರಲಿಲ್ಲ.